‘ನಿಧಾನವಾಗಿ ನಡೆ’ ಎಂದರೆ ಸಾಲದು

ಪ್ರಶ್ನೆ: ಸ್ಟ್ರೋಲ್, ಸಾಂಟರ್, ಆಂಬಲ್, ಟ್ರಜ್, ಪ್ಲಾಡ್ – ಈ ಐದಕ್ಕೂ ನನ್ನ ನಿಘಂಟಿನಲ್ಲಿ ‘ನಿಧಾನವಾಗಿ ನಡೆ’ ಎಂದೇ ಇದೆ. ಒಂದರ ಬದಲು ಇನ್ನೊಂದನ್ನು ಬಳಸಬಹುದೇ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡ. ವೇಗ ಒಂದೇ ಇರಬಹುದು, ನಡೆಯುವವರ ಪಾಡು ಬೇರೆ ಬೇರೆ. ಮೊದಲ ಮೂರು ಹಾಯಾಗಿರುವವರ ನಡಿಗೆ, ಕೊನೆಯ ಎರಡು ದಣಿದವರದ್ದು.

ಸ್ಟ್ರೋಲ್ ಎಂದರೆ ನಮ್ಮ ‘ಅಡ್ಡಾಡು’. ಊಟವಾದ ಮೇಲೆ ಕೆರೆ ಏರಿಯಲ್ಲಿ ಒಂದು ಸುತ್ತು ಹೋಗಿಬಂದಂತೆ. ಸಾಂಟರ್‌ನಲ್ಲಿ ‘ನನಗೇನು ಅವಸರ’ ಎಂಬ ಭಾವ ನೋಡುವವರಿಗೂ ಕಾಣಬೇಕು. ಒಂಬತ್ತೂವರೆಗೆ ಬರಬೇಕಾದ ಹುಡುಗ ಹತ್ತು ಗಂಟೆಗೆ ಆರಾಮವಾಗಿ ತರಗತಿಯೊಳಗೆ ಬಂದರೆ ಅಲ್ಲಿಗೆ ಒಪ್ಪುವ ಪದ ಸಾಂಟರ್. ಮೇಷ್ಟ್ರಿಗೆ ಸಿಟ್ಟು ಬರುವುದು ಅವನು ತಡವಾಗಿ ಬಂದದ್ದಕ್ಕಿಂತ ಆ ನಡಿಗೆಗೆ. ಆಂಬಲ್ ಬಂದಿರುವುದು ‘ನಡೆ’ ಎಂಬ ಅರ್ಥದ ಲ್ಯಾಟಿನ್ ಪದ ಆಂಬುಲಾರೆಯಿಂದ. ಆಂಬುಲೆನ್ಸ್‌ಗೂ ಅದೇ ಮೂಲ. ಕುದುರೆ ಒಂದೇ ಪಕ್ಕದ ಎರಡು ಕಾಲನ್ನು ಒಟ್ಟಿಗೆ ಎತ್ತಿಡುವ ಸುಖದ ನಡಿಗೆಗೂ ಇದೇ ಹೆಸರು. ಮನುಷ್ಯರಿಗೆ ಹೇಳುವಾಗಲೂ ಕುಲುಕಾಟವಿಲ್ಲದ, ಒಂದೇ ಹದದ ನಡಿಗೆ ಎಂದೇ ಅರ್ಥ.

ಟ್ರಜ್‌ನಲ್ಲಿ ದಣಿವಿದೆ, ನೆಲವೂ ಎದುರಾಗಿ ನಿಂತಿರುತ್ತದೆ: ಕೆಸರು, ಮರಳು, ಏರುದಾರಿ. ಪ್ಲಾಡ್ ನೇಗಿಲೆಳೆಯುವ ಎತ್ತಿನ ಹೆಜ್ಜೆ. ಭಾರ, ಆದರೆ ನಿಲ್ಲುವುದಿಲ್ಲ. ಬೇಸರದ ಕೆಲಸವನ್ನು ಕೈಬಿಡದೆ ಮಾಡುತ್ತಾ ಹೋಗುವುದಕ್ಕೂ ಈ ಪದ ಸಲ್ಲುವುದು ಅದಕ್ಕೇ.

ಉತ್ತರಪತ್ರಿಕೆಗಳಲ್ಲಿ ‘ಸ್ಟ್ರೋಲ್ಡ್ ಸ್ಲೋಲಿ’ ಎಂದು ಬರೆಯುವವರಿದ್ದಾರೆ. ಕನ್ನಡದಲ್ಲಿ ನಾವು ‘ನಡೆ’ ಒಂದನ್ನೇ ಇಟ್ಟುಕೊಂಡು ಅದಕ್ಕೆ ಬಿರಬಿರನೆ, ಸರಸರನೆ, ಮೆಲ್ಲಗೆ ಎಂದು ಸೇರಿಸಿ ಅಭ್ಯಾಸವಾದವರು. ಸ್ಟ್ರೋಲ್‌ನೊಳಗೆ ಆ ‘ಮೆಲ್ಲಗೆ’ ಆಗಲೇ ಕೂತಿದೆ. ಸ್ಲೋಲಿ ಹೊಡೆದುಹಾಕಿ.

ಪ್ರಶ್ನೆ: ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಿಂಪ್, ಹಾಬಲ್ ಎರಡಕ್ಕೂ ‘ಕುಂಟು’, ಸ್ಟ್ಯಾಗರ್, ಟಾಟರ್ ಎರಡಕ್ಕೂ ‘ತೂರಾಡು’ ಎಂದು ಹಾಕಿದ್ದೇನೆ. ಸರಿಯೇ?
– ಹವ್ಯಾಸಿ ಅನುವಾದಕರು, ಧಾರವಾಡ

ಉತ್ತರ: ಲಿಂಪ್‌ಗೆ ‘ಕುಂಟು’ ಸರಿ. ಒಂದು ಕಾಲಿಗೆ ಪೆಟ್ಟಾಗಿ ಹೆಜ್ಜೆ ಏರುಪೇರಾಗುವುದು ಅದು. ಹಾಬಲ್‌ನಲ್ಲಿ ಸಾಮಾನ್ಯವಾಗಿ ಎರಡೂ ಕಾಲು ಕಷ್ಟದಲ್ಲಿರುತ್ತವೆ. ಕುದುರೆ ದೂರ ಹೋಗದಂತೆ ಅದರ ಕಾಲುಗಳನ್ನು ಸೇರಿಸಿ ಹಗ್ಗ ಕಟ್ಟುವುದಕ್ಕೂ ಹಾಬಲ್ ಎನ್ನುತ್ತಾರೆ; ಆ ಚಿತ್ರ ಮನಸ್ಸಿನಲ್ಲಿದ್ದರೆ ಸಾಕು. ‘ನೋವು ನುಂಗುತ್ತಾ ಪುಟ್ಟ ಹೆಜ್ಜೆ ಕಿತ್ತಿಟ್ಟು ನಡೆದಳು’ ಎಂದು ಬಿಡಿಸಿ ಬರೆಯಿರಿ. ಲಿಂಪ್ ವಿಶೇಷಣವಾಗಿ ಬಂದಾಗ ಮಾತ್ರ ಕುಂಟಿಗೂ ಅದಕ್ಕೂ ಸಂಬಂಧವಿಲ್ಲ, ‘ಜೋತುಬಿದ್ದ, ಬಿಗಿಯಿಲ್ಲದ’ ಎಂದರ್ಥ. ಅನುವಾದಗಳು ಎಡವುವ ಜಾಗ ಇದು.

ಪೆಟ್ಟು, ಕುಡಿತ ಅಥವಾ ಹೊರಲಾರದ ಭಾರದಿಂದ ಮೈ ಆಚೀಚೆ ವಾಲಿದರೆ ಸ್ಟ್ಯಾಗರ್. ‘ತೂರಾಡು’ ಅಲ್ಲಿಗೆ ಹೊಂದುತ್ತದೆ. ಟಾಟರ್ ನಿಶ್ಶಕ್ತಿಯ ನಡಿಗೆ. ತೊಂಬತ್ತರ ಅಜ್ಜಿ ಗೋಡೆ ಹಿಡಿದು ಬರುವಾಗ ‘ತೂರಾಡಿದಳು’ ಎಂದು ಬರೆದರೆ ಓದುಗರಿಗೆ ಕುಡಿತ ನೆನಪಾಗುತ್ತದೆ, ಅಜ್ಜಿಗೆ ಅನ್ಯಾಯವಾಗುತ್ತದೆ. ‘ತಡವರಿಸುತ್ತಾ ಬಂದಳು’ ಎನ್ನಿ. ಮಗುವಿನ ತಪ್ಪುಹೆಜ್ಜೆಗೆ ಟಾಡಲ್ ಎಂಬ ಬೇರೆ ಪದವೇ ಇದೆ.

ವಾಕ್ಯ ಕಟ್ಟುವಾಗಲೂ ಎಚ್ಚರ ಬೇಕು. ‘ಹೀ ಲಿಂಪ್ಡ್ ಇನ್‌ಟು ದ ರೂಮ್’ ಎಂಬಲ್ಲಿ ಕ್ರಿಯಾಪದ ಕುಂಟುವುದನ್ನು ಹೇಳುತ್ತದೆ, ಒಳಗೆ ಬಂದದ್ದನ್ನು ಇನ್‌ಟು ಹೇಳುತ್ತದೆ. ‘ಅವನು ಕೋಣೆಯೊಳಗೆ ಕುಂಟಿದ’ ಎಂದರೆ ಮೊದಲೇ ಕೋಣೆಯಲ್ಲಿದ್ದವನು ಅಲ್ಲೇ ಕುಂಟಿದಂತಾಯಿತು. ಕನ್ನಡದಲ್ಲಿ ‘ಬಂದ’ ಕೊನೆಗಿರಬೇಕು: ‘ಕುಂಟುತ್ತಾ ಕೋಣೆಯೊಳಗೆ ಬಂದ.’

ಪ್ರಶ್ನೆ: ‘ಶತಪಥ ಹಾಕು’ ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ಏನನ್ನಬೇಕು? ‘ಐ ಕೇಮ್ ಬೈ ವಾಕ್’ ತಪ್ಪೇ?
– ಓದುಗರು, ಶಿವಮೊಗ್ಗ

ಉತ್ತರ: ‘ಪೇಸ್ ಅಪ್ ಅಂಡ್ ಡೌನ್’ ಎನ್ನಿ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಯುವವರ ನಡಿಗೆ ಅದು. ಪೇಸ್‌ನ ಮೂಲ ಲ್ಯಾಟಿನ್‌ನ ಪಾಸುಸ್. ರೋಮನ್ನರ ಲೆಕ್ಕದಲ್ಲಿ ಎರಡು ಹೆಜ್ಜೆಗೆ ಒಂದು ಪಾಸುಸ್, ಸುಮಾರು 1.48 ಮೀಟರ್. ಅಂಥ 1000 ಸೇರಿದ್ದೇ ಅವರ ಮೈಲಿ.

‘ಬೈ ವಾಕ್’ ತಪ್ಪು. ಬೈ ಬಸ್, ಬೈ ಟ್ರೇನ್ ಸರಿ. ನಡೆದು ಬಂದರೆ ‘ಆನ್ ಫುಟ್’. ಮಾತಿನಲ್ಲಿ ‘ಐ ವಾಕ್ಡ್’ ಎಂದರೆ ಮುಗಿಯಿತು. ‘ವಾಕಿಂಗ್ ಹೋಗಿದ್ದೆ’ ಎಂಬುದು ‘ಐ ವೆಂಟ್ ಫಾರ್ ಎ ವಾಕ್’. ‘ವೆಂಟ್ ವಾಕಿಂಗ್’ ಕೂಡ ಸರಿಯೇ. ನಡುವೆ ‘ಫಾರ್’ ತೂರಿಸಿ ‘ವೆಂಟ್ ಫಾರ್ ವಾಕಿಂಗ್’ ಎಂದಾಗ ಕೆಡುತ್ತದೆ.