ಭಾಷೆ ಓದೋಕೆ ಜರ್ಮನಿಗೆ ಹೋಗ್ಬೇಕಾ?

ಹೋದ ಸಲ ಈ ಅಂಕಣದಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. ನಾನು ಕೋಲಾರದವಳು, ಬಿ.ಇ. ಮುಗಿಸಿ ಜರ್ಮನಿಯ ಸಾರ್‌ಬ್ರುಕೆನ್‌ನಲ್ಲಿ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್, ಅಂದರೆ ಮನುಷ್ಯರ ಭಾಷೆಯನ್ನು ಕಂಪ್ಯೂಟರ್ ಕೈಲಿ ಬಿಡಿಸುವ ವಿದ್ಯೆ, ಓದಿದೆ ಅಂತ. ಅಷ್ಟಕ್ಕೇ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ.

ಪ್ರಶ್ನೆ: ಅಕ್ಕಾ, ನಾನು ಬಿ.ಇ. ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ. ನೀವು ಓದಿದ್ದನ್ನೇ ಓದಬೇಕು ಅಂತ ಆಸೆ. ಅಪ್ಪ ರೇಷ್ಮೆ ಬೆಳೆಗಾರರು. ‘ಭಾಷೆ ಓದೋಕೆ ಜರ್ಮನಿಗೆ ಹೋಗ್ಬೇಕಾ, ಮನೇಲಿ ತೆಲುಗು, ಬೀದೀಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್, ಇನ್ನೇನು ಬಾಕಿ?’ ಅಂತಾರೆ. ಬೆಂಗಳೂರಿನ ಕನ್ಸಲ್ಟೆನ್ಸಿಯವರು ಡೇಟಾ ಸೈನ್ಸ್ ತಗೋ ಅಂತಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಚಿಂತಾಮಣಿ

ಉತ್ತರ: ಮೊದಲು ಕನ್ಸಲ್ಟೆನ್ಸಿ ವಿಷಯ ಮುಗಿಸಿಬಿಡೋಣ. ನಾನೂ ಒಂದು ಕಡೆ ಹೋಗಿದ್ದೆ. ಲಿಂಗ್ವಿಸ್ಟಿಕ್ಸ್ ಅಂದ ತಕ್ಷಣ ಆ ಮನುಷ್ಯ ‘ಓ, ಫ್ರೆಂಚ್ ಟೀಚರ್ ಆಗ್ತೀರಾ?’ ಅಂತ ಕೇಳಿದ. ಎದ್ದು ಬಂದೆ. ಕೆಲವು ಏಜೆನ್ಸಿಗಳಿಗೆ ಖಾಸಗಿ ಯೂನಿವರ್ಸಿಟಿಗಳಿಂದ ತಲೆಗಿಷ್ಟು ಅಂತ ಕಮಿಷನ್ ಬರುತ್ತದೆ, ಸರ್ಕಾರಿ ಯೂನಿವರ್ಸಿಟಿಗಳ ಹೆಸರು ಅವರ ಬಾಯಲ್ಲಿ ಯಾಕೆ ಬರಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ. ಅರ್ಜಿ ನೀವೇ ಹಾಕಬಹುದು. ಬಿ.ಇ. ಪಾಸಾದವರಿಗೆ ಒಂದು ಫಾರಂ ತುಂಬೋದು ಕಷ್ಟವಲ್ಲ.

ಇನ್ನು ಅಪ್ಪನ ಮಾತು. ಅವರು ಗೊತ್ತಿಲ್ಲದೇ ನಿಮ್ಮ ಅರ್ಜಿಯ ಅರ್ಧ ಭಾಗ ಬರೆದುಕೊಟ್ಟಿದ್ದಾರೆ. ಹೇಗೆ ಅಂತ ಹೇಳ್ತೀನಿ.

ಸಾರ್‌ಬ್ರುಕೆನ್‌ನಲ್ಲಿ ನನ್ನ ಮೊದಲ ಸೆಮಿಸ್ಟರ್‌ನಲ್ಲಿ ಪದರಚನೆಯ ಮೇಲೆ ಒಂದು ಸೆಮಿನಾರ್ ಇತ್ತು. ಒಬ್ಬೊಬ್ಬರೂ ತಮ್ಮ ಭಾಷೆಯ ಒಂದು ಪದ ಬೋರ್ಡ್ ಮೇಲೆ ಬಿಡಿಸಿ ತೋರಿಸಬೇಕು. ನನಗೆ ನೆನಪಾಗಿದ್ದು ಕೋಲಾರದ ನಮ್ಮಜ್ಜಿ. ಪಕ್ಕದ ಮನೆ ಹುಡುಗ ಊರಿಗೆ ಬಂದ ಸುದ್ದಿಯನ್ನು ಅಜ್ಜಿ ಹೇಳೋದು ಒಂದೇ ಪದದಲ್ಲಿ: ‘ಬಂದ್ಬಿಟ್ಟಿದ್ದಾನಂತೆ’. ಬೋರ್ಡ್ ಮೇಲೆ ಬಿಡಿಸಿದೆ. ಬಂದು, ಬಿಟ್ಟು, ಇದ್ದಾನೆ, ಅಂತೆ. ‘ಬಂದು’ ಸರಿ. ‘ಬಿಟ್ಟು’ ಅಂದರೆ ಇಲ್ಲಿ ಏನನ್ನೂ ಬಿಟ್ಟಿಲ್ಲ, ಕೆಲಸ ಮುಗಿದೇ ಹೋಗಿದೆ, ಸ್ವಲ್ಪ ಅನಿರೀಕ್ಷಿತವಾಗಿ. ‘ಇದ್ದಾನೆ’ಯಲ್ಲಿ ಗಂಡಸು, ಒಬ್ಬನೇ, ಈಗಲೂ ಇಲ್ಲೇ ಇದ್ದಾನೆ, ಇಷ್ಟೂ ಇದೆ. ಕೊನೆಯ ‘ಅಂತೆ’ ಇದೆಯಲ್ಲ, ಅದು ಮಜಾ. ನಾನು ಕಣ್ಣಾರೆ ನೋಡಿಲ್ಲ, ಯಾರೋ ಹೇಳಿದರು, ಸುಳ್ಳಾದರೆ ನನ್ನನ್ನು ಕೇಳಬೇಡಿ ಅನ್ನೋದೆಲ್ಲ ಆ ಎರಡಕ್ಷರದಲ್ಲಿ. ಟರ್ಕಿಯ ಒಬ್ಬ ಹುಡುಗಿ ಎದ್ದು ನಿಂತು ನಮ್ಮಲ್ಲೂ ಇದೆ ಅಂದಳು, ಅವರು ‘ಗೆಲ್‌ಮಿಶ್’ ಅಂತಾರಂತೆ, ಆ ‘ಮಿಶ್’ ನಮ್ಮ ‘ಅಂತೆ’ಯ ಕೆಲಸವನ್ನೇ ಮಾಡುತ್ತದಂತೆ. ನೋಡಿ, ನಾನೂ ಅಂತೆ ಅಂತೆ ಅಂತಿದ್ದೀನಿ.

ಈಗ ಅಜ್ಜಿಯ ಆ ಪದವನ್ನು ಯಂತ್ರದಿಂದ ಇಂಗ್ಲಿಷ್‌ಗೆ ಅನುವಾದ ಮಾಡಿಸಿ ನೋಡಿ. ಎಷ್ಟೋ ಸಲ ಆ ‘ಅಂತೆ’ ಬಿದ್ದುಹೋಗಿ, ಅಜ್ಜಿ ಕಣ್ಣಾರೆ ಕಂಡವರ ಹಾಗೆ ಸಾಕ್ಷಿ ಹೇಳಿಬಿಡುತ್ತಾರೆ. ಅದು ಯಾಕೆ ಬೀಳುತ್ತದೆ, ಬೀಳದ ಹಾಗೆ ಏನು ಮಾಡಬೇಕು, ಬಿತ್ತು ಅನ್ನೋದನ್ನು ಅಳೆಯೋದು ಹೇಗೆ? ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್ ಅಂದರೆ ಇದು. ಡೇಟಾ ಸೈನ್ಸ್ ಕೋರ್ಸ್‌ನಲ್ಲಿ ಪಠ್ಯವೂ ಇನ್ನೊಂದು ಬಗೆಯ ಡೇಟಾ ಅಷ್ಟೆ. ಇಲ್ಲಿ ಭಾಷೆಯೇ ವಿಷಯ.

ಇನ್ನೊಂದು ಸಣ್ಣ ಲೆಕ್ಕ, ನಿಮ್ಮ ಊರಿನ ಹೆಸರಿನಲ್ಲೇ. ಇಂಗ್ಲಿಷ್‌ನಲ್ಲಿ ಚಿಂತಾಮಣಿ ಅಂತ ಬರೆಯೋಕೆ 10 ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ 10 ಬೈಟ್ ಜಾಗ. ಕನ್ನಡದಲ್ಲಿ ಬರೆದರೆ ಕಣ್ಣಿಗೆ ಕಾಣೋದು ನಾಲ್ಕೇ ಅಕ್ಷರ, ಆದರೆ ಗುಣಿತ, ಸೊನ್ನೆ ಎಲ್ಲ ಬೇರೆ ಬೇರೆ ಎಣಿಸಿದರೆ 8 ಸಂಕೇತ, ಒಂದೊಂದಕ್ಕೆ 3 ಬೈಟ್, ಒಟ್ಟು 24. ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಗಳು ಪದವನ್ನು ಟೋಕನ್ ಅನ್ನುವ ಚೂರುಗಳಾಗಿ ಕತ್ತರಿಸುತ್ತವೆ, ಅವು ಕಲಿತದ್ದು ಜಾಸ್ತಿ ಇಂಗ್ಲಿಷ್‌ನಿಂದ, ಹಾಗಾಗಿ ಕನ್ನಡ ಪದ ಸಿಕ್ಕರೆ ಕೊತ್ತಂಬರಿ ಸೊಪ್ಪು ಹೆಚ್ಚಿದ ಹಾಗೆ ಹೆಚ್ಚಿಹಾಕುತ್ತವೆ. ದುಡ್ಡು ವಸೂಲಿ ಮಾಡೋದು ಟೋಕನ್ ಲೆಕ್ಕದಲ್ಲಿ ಆದ್ದರಿಂದ ಒಂದೇ ಮಾತಿಗೆ ಕನ್ನಡದವರ ಬಿಲ್ಲು ಜಾಸ್ತಿ.

ಈಗ ಅರ್ಜಿ. ನನ್ನ ಮೊದಲ ಸುತ್ತಿನ ಅರ್ಜಿಯಲ್ಲಿ ‘ಚಿಕ್ಕಂದಿನಿಂದಲೂ ನನಗೆ ಕಂಪ್ಯೂಟರ್ ಎಂದರೆ ಇಷ್ಟ’ ಅಂತ ಶುರು ಮಾಡಿದ್ದೆ. ಎರಡು ಕಡೆ ಬೇಡ ಅಂದರು, ಬೇಡ ಅನ್ನಬೇಕಾದ್ದೇ. ಮುಂದಿನ ವರ್ಷ ಅಜ್ಜಿಯ ತೆಲುಗು ಬೆರೆತ ಕನ್ನಡದಿಂದ ಶುರು ಮಾಡಿದೆ. ‘ಏಮ್ರಾ, ಊಟ ಆಯ್ತಾ?’ ಅನ್ನೋ ವಾಕ್ಯ ಕೊಟ್ಟರೆ ಭಾಷೆ ಗುರುತಿಸುವ ಪ್ರೋಗ್ರಾಂ ಯಾವ ಭಾಷೆ ಅಂತ ಹೇಳಬೇಕು, ಎರಡರಲ್ಲಿ ಒಂದನ್ನೇ ಆರಿಸು ಅಂದರೆ ಅದು ಏನು ಕಳೆದುಕೊಳ್ಳುತ್ತದೆ ಅಂತ ಒಂದು ಪುಟ. ನಿಮ್ಮ ಮನೆ, ಬೀದಿ, ಕಾಲೇಜು ಮೂರೂ ಮೂರು ಭಾಷೆ ಅಲ್ವಾ, ನಿಮಗೆ ನನಗಿಂತ ಜಾಸ್ತಿ ಸಾಮಾನು ಇದೆ. ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಹರಾಜಾಗುವಾಗ ಯಾರು ಯಾವಾಗ ತೆಲುಗಿಗೆ ಹೊರಳುತ್ತಾರೆ ಅಂತ ಒಂದು ದಿನ ನಿಂತು ಕೇಳಿಸಿಕೊಳ್ಳಿ.

ನಿಮ್ಮ ಕೊರತೆ ಇರೋದು ಭಾಷಾಶಾಸ್ತ್ರದಲ್ಲಿ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಎನ್‌ಪಿಟಿಇಎಲ್‌ನವರ ಆನ್‌ಲೈನ್ ಪಾಠಗಳು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಲಿಂಗ್ವಿಸ್ಟಿಕ್ಸ್‌ನಲ್ಲಿ ಒಂದು ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಜುರಾಫ್ಸ್ಕಿ ಮತ್ತು ಮಾರ್ಟಿನ್ ಬರೆದ ಪಠ್ಯಪುಸ್ತಕದ ಹೊಸ ಕರಡು ಲೇಖಕರ ಪುಟದಲ್ಲೇ ಪುಕ್ಕಟೆ ಸಿಗುತ್ತದೆ, ಈ ಕ್ಷೇತ್ರದವರೆಲ್ಲ ಓದೋದು ಅದನ್ನೇ. ಫೈನಲ್ ಇಯರ್ ಪ್ರಾಜೆಕ್ಟ್ ಇನ್ನೂ ಆರಿಸಿಲ್ಲದಿದ್ದರೆ ಮುಖ ಗುರುತಿಸಿ ಹಾಜರಾತಿ ಹಾಕೋ ಪ್ರಾಜೆಕ್ಟ್ ಬೇಡ ಮಾರಾಯ್ರೇ, ಎಲ್ಲ ಕಾಲೇಜಲ್ಲೂ ಅದೇ. ಕನ್ನಡ ಕ್ರಿಯಾಪದ ಬಿಡಿಸುವ ಪ್ರೋಗ್ರಾಂ ಬರೆಯಿರಿ.

ಹುಡುಕುವಾಗ ಹೆಸರಿನ ಹಿಂದೆ ಬೀಳಬೇಡಿ. ಸಾರ್‌ಬ್ರುಕೆನ್‌ನ ಸಾರ್‌ಲಾಂಡ್ ಯೂನಿವರ್ಸಿಟಿಯಲ್ಲಿ ಇದರ ಹೆಸರು ಲ್ಯಾಂಗ್ವೇಜ್ ಸೈನ್ಸ್ ಅಂಡ್ ಟೆಕ್ನಾಲಜಿ. ಸ್ಟುಟ್‌ಗಾರ್ಟ್, ಟ್ಯೂಬಿಂಗನ್‌ನಲ್ಲಿ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್. ಪಾಟ್ಸ್‌ಡಾಮ್‌ನಲ್ಲಿ ಕಾಗ್ನಿಟಿವ್ ಸಿಸ್ಟಮ್ಸ್. ಸ್ವೀಡನ್ನಿನ ಉಪ್ಸಾಲಾದಲ್ಲಿ ಲ್ಯಾಂಗ್ವೇಜ್ ಟೆಕ್ನಾಲಜಿ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸ್ಪೀಚ್ ಅಂಡ್ ಲ್ಯಾಂಗ್ವೇಜ್ ಪ್ರೊಸೆಸಿಂಗ್, ಒಂದೇ ವರ್ಷದ್ದು. ಅಮೆರಿಕದಲ್ಲಾದರೆ ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಕೋರ್ಸ್ ಹೆಸರುವಾಸಿ, ಫೀಸೂ ಹಾಗೇ ಇದೆ.

ಪ್ರಶ್ನೆ: ಮೇಡಂ, ಮಗಳು ಜರ್ಮನಿ ಅಂತ ಹಟ ಹಿಡಿದಿದ್ದಾಳೆ. ಅಲ್ಲಿ ಫೀಸೇ ಇಲ್ಲ ಅಂತಾಳೆ, ನಿಜವಾ? ನಮಗೆ ನಾಲ್ಕು ಎಕರೆ ಮಾವಿನ ತೋಟ ಇದೆ, ಅದನ್ನು ಇಟ್ಟು ಸಾಲ ತೆಗೆಯಬಹುದಾ?
— ಒಬ್ಬ ತಂದೆ, ಶ್ರೀನಿವಾಸಪುರ

ಉತ್ತರ: ಮಗಳು ಹೇಳಿದ್ದು ಮುಕ್ಕಾಲು ನಿಜ ಸಾರ್. ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೊಮ್ಮೆ ಒಂದಿಷ್ಟು ನೂರು ಯೂರೋ ಕಟ್ಟಬೇಕು ಅಷ್ಟೆ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ಅನ್ನೋ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕಿದೆ. ಮೇಲೆ ಹೇಳಿದ ಸ್ಟುಟ್‌ಗಾರ್ಟ್, ಟ್ಯೂಬಿಂಗನ್ ಎರಡೂ ಅಲ್ಲೇ ಇವೆ. ನಾಲ್ಕು ಸೆಮಿಸ್ಟರ್‌ಗೆ 6,000 ಯೂರೋ ಆಯಿತು.

ನಿಜವಾದ ಭಾರ ಫೀಸಲ್ಲ, ಬ್ಲಾಕ್ಡ್ ಅಕೌಂಟ್. ವೀಸಾಗೆ ಮುಂಚೆಯೇ ಒಂದು ವರ್ಷದ ಖರ್ಚು 11,904 ಯೂರೋ ಮಗಳ ಹೆಸರಿನಲ್ಲಿ ಅಲ್ಲಿ ಇಡಬೇಕು. ಯೂರೋಗೆ 100 ರೂಪಾಯಿ ಅಂತ ಹಿಡಿದರೆ ಹತ್ತಿರ ಹತ್ತಿರ 12 ಲಕ್ಷ. ದುಡ್ಡು ಎಲ್ಲೂ ಹೋಗಲ್ಲ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ಅವಳ ಕೈಗೇ ಬರುತ್ತದೆ. ಆದರೆ ಒಂದೇ ಸಲಕ್ಕೆ ಹೊಂದಿಸಬೇಕಲ್ಲ, ಅಲ್ಲೇ ನಮ್ಮಂಥ ಮನೆಗಳು ಸುಸ್ತಾಗೋದು. ನಮ್ಮಪ್ಪ ಆ ತಿಂಗಳು ಮಾತೇ ಆಡಿರಲಿಲ್ಲ.

ತೋಟದ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಶಿಕ್ಷಣ ಸಾಲ ಸಿಗೋದು ಕಷ್ಟ. ಸಾಲ ವಸೂಲಿಗೆ ಬ್ಯಾಂಕ್‌ಗಳು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ. ಅದಕ್ಕೇ ಅವರು ಮನೆ, ಪರಿವರ್ತನೆಯಾದ ಸೈಟು, ಎಫ್‌ಡಿ ಇಂಥದ್ದನ್ನೇ ಕೇಳುತ್ತಾರೆ. ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು, ಅದರೊಳಗೆ ಆದರೆ ಬೇಡ. ಹಾಗಾಗಿ ಏಳೂವರೆ ಲಕ್ಷ ಸಾಲ, ಉಳಿದದ್ದು ಕೈಯಿಂದ, ಈ ಲೆಕ್ಕ ಸಾಧ್ಯವಾ ನೋಡಿ. ತೋಟ ಮಾರೋ ಯೋಚನೆ ಮಾತ್ರ ಬೇಡ. ಅವಳು ಎರಡನೇ ಸೆಮಿಸ್ಟರ್‌ನಿಂದ ಸ್ವಲ್ಪ ದುಡಿಯಬಹುದು, ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅವಕಾಶ ಇದೆ. ನಾನು ಪ್ರೊಫೆಸರ್ ಹತ್ತಿರವೇ ‘ಹಿವಿ’ ಆಗಿದ್ದೆ, ಅಂದರೆ ವಿದ್ಯಾರ್ಥಿ ಸಹಾಯಕಿ. ವಾಕ್ಯಗಳಿಗೆ ಗುರುತು ಹಾಕೋ ಕೆಲಸ. ಬಾಡಿಗೆ ಹುಟ್ಟುತ್ತಿತ್ತು.

ಅದೃಷ್ಟ ಚೆನ್ನಾಗಿದ್ದರೆ ಇನ್ನೊಂದು ದಾರಿ ಇದೆ. ಎಲ್‌ಸಿಟಿ (ಲ್ಯಾಂಗ್ವೇಜ್ ಅಂಡ್ ಕಮ್ಯುನಿಕೇಶನ್ ಟೆಕ್ನಾಲಜೀಸ್) ಅಂತ ಎರಡು ವರ್ಷದ ಯುರೋಪಿಯನ್ ಮಾಸ್ಟರ್ಸ್, ಎರಡು ದೇಶದ ಎರಡು ಯೂನಿವರ್ಸಿಟಿಯಲ್ಲಿ ಒಂದೊಂದು ವರ್ಷ ಓದೋದು. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೋ. ಆ ವರ್ಷಕ್ಕೆ ಸ್ಕಾಲರ್‌ಶಿಪ್ ಕೊಡುತ್ತಿದ್ದಾರಾ ಅಂತ ಅವರ ಪುಟದಲ್ಲೇ ನೋಡಲು ಮಗಳಿಗೆ ಹೇಳಿ. ಪೈಪೋಟಿ ಜೋರಿದೆ, ಆದರೂ ಅರ್ಜಿ ಹಾಕದೇ ಬಿಡಬಾರದು.

ಪ್ರಶ್ನೆ: ನಾನು ಕನ್ನಡ ಎಂ.ಎ. ಕೋಡಿಂಗ್ ಗೊತ್ತಿಲ್ಲ. ಗಣಿತ ಎಸ್ಸೆಸ್ಸೆಲ್ಸಿಗೆ ಬಿಟ್ಟಿದ್ದು. ಈ ಕಡೆ ತಲೆ ಹಾಕಬಹುದಾ, ಅಥವಾ ಇದು ಇಂಜಿನಿಯರ್‌ಗಳಿಗೆ ಮಾತ್ರವಾ?
— ಅತಿಥಿ ಉಪನ್ಯಾಸಕ, ಮುಳಬಾಗಿಲು

ಉತ್ತರ: ಖಂಡಿತ ಹಾಕಬಹುದು, ಆದರೆ ನಾಳೆಯೇ ಜರ್ಮನಿ ಅಂದರೆ ಆಗಲ್ಲ. ಸಂಧಿ ಬಿಡಿಸೋದು, ವಿಭಕ್ತಿ ಪ್ರತ್ಯಯ ಗುರುತಿಸೋದು ನಿಮಗೆ ನೀರು ಕುಡಿದಷ್ಟು ಸಲೀಸು. ಕಂಪ್ಯೂಟರ್‌ಗೆ ಅದೇ ಕಷ್ಟ. ‘ಮನೆಯಲ್ಲಿ’ಯ ನಡುವೆ ಬಂದ ಯಕಾರ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಇಂಜಿನಿಯರ್‌ಗಳ ಜೊತೆ ನಾನು ಕೆಲಸ ಮಾಡಿದ್ದೀನಿ. ಆಗಮ ಸಂಧಿ ಅಂತ ವಿವರಿಸಿದರೆ ನನ್ನ ಮುಖ ನೋಡುತ್ತಿದ್ದರು.

ಆದರೆ ವಿದೇಶದ ಯೂನಿವರ್ಸಿಟಿಗಳು ಪದವಿಯ ಹೆಸರಿಗಿಂತ ಯಾವ ವಿಷಯದಲ್ಲಿ ಎಷ್ಟು ಕ್ರೆಡಿಟ್ ಅಂತ ನೋಡುತ್ತವೆ. ಪ್ರೋಗ್ರಾಮಿಂಗ್, ಗಣಿತ ಸೊನ್ನೆ ಇದ್ದರೆ ಅಲ್ಲೇ ನಿಲ್ಲಿಸುತ್ತಾರೆ. ದಿನಾ ಒಂದು ಗಂಟೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ, ಆರು ತಿಂಗಳು. ಮೊದಲ ಅಭ್ಯಾಸ ಇದೇ ಆಗಲಿ: ಒಂದು ನಾಮಪದ ಕೊಟ್ಟರೆ ಅದರ ಏಳೂ ವಿಭಕ್ತಿ ರೂಪ ಬರೆಯುವ ಪ್ರೋಗ್ರಾಂ. ‘ಮರ’ಕ್ಕೆ ಸರಿ ಬರುತ್ತದೆ, ‘ಗುರು’ಗೆ ತಪ್ಪುತ್ತದೆ, ತಿದ್ದುತ್ತೀರಿ, ‘ಅಣ್ಣ’ನಿಗೆ ಮತ್ತೆ ತಪ್ಪುತ್ತದೆ. ಹೀಗೆ ತಿದ್ದುತ್ತಾ ಕೂತರೆ ಪೈಥಾನ್ ಬಂದುಬಿಟ್ಟಿರುತ್ತದೆ.

ಆಮೇಲೂ ನೇರ ವಿದೇಶಕ್ಕೆ ಹೋಗಲೇಬೇಕು ಅಂತೇನಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಅನ್ವಯಿಕ ಭಾಷಾಶಾಸ್ತ್ರ ಕೇಂದ್ರ ಇದೆ. ಅದೇ ಊರಿನ ಟ್ರಿಪಲ್ ಐಟಿಯಲ್ಲಿ ಭಾರತೀಯ ಭಾಷೆಗಳ ಮೇಲೆ ಬಹಳ ವರ್ಷದಿಂದ ಕೆಲಸ ನಡೆದಿದೆ, ಪಾಣಿನಿಯ ಕಾರಕದ ಲೆಕ್ಕದಲ್ಲಿ ವಾಕ್ಯ ಬಿಡಿಸೋದನ್ನು ಬೆಳೆಸಿದವರೇ ಅಲ್ಲಿಯವರು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಮುಳಬಾಗಿಲಿನಿಂದ ಮೈಸೂರು ದೂರವೇ, ಆದರೂ ಸಾರ್‌ಬ್ರುಕೆನ್‌ಗಿಂತ ಹತ್ತಿರ.

ಪ್ರಶ್ನೆ: ನನ್ನ ಸಿಜಿಪಿಎ 7.2. ಜರ್ಮನಿಗೆ ಸಾಕಾ? ಜಿಆರ್‌ಇ ಬೇಕಾ?
— ಗೌರಿಬಿದನೂರು

ಉತ್ತರ: ಅವರಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಜಸ್ಟ್ ಪಾಸ್, ತಲೆಕೆಳಗು. 10ರಿಂದ ನಿಮ್ಮ ಅಂಕ ಕಳೆಯಿರಿ, 2.8. ಅದನ್ನು 10ಕ್ಕೂ ಪಾಸ್ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ. ನಿಮ್ಮಲ್ಲಿ ಪಾಸ್‌ಗೆ 4 ಅಂತ ಇದ್ದರೆ ಅಂತರ 6. ಬಂದದ್ದನ್ನು 3ರಿಂದ ಗುಣಿಸಿ 1 ಕೂಡಿಸಿ. 2.4 ಬರುತ್ತದೆ. ಎಷ್ಟೋ ಕಡೆ 2.5ರ ಗೆರೆ ಇರುತ್ತದೆ, ನೀವು ಗೆರೆಯ ಒಳಗೇ ಇದ್ದೀರಿ, ಆದರೆ ಅಂಚಿನಲ್ಲಿ. ಜಿಆರ್‌ಇ ಜರ್ಮನಿಯ ಹೆಚ್ಚಿನ ಕಡೆ ಕೇಳಲ್ಲ, ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆ ಬೇಕು. ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಮರೆಯಬೇಡಿ, 2022ರ ನವೆಂಬರ್‌ನಿಂದ ಅದಿಲ್ಲದೆ ಭಾರತದವರಿಗೆ ವಿದ್ಯಾರ್ಥಿ ವೀಸಾ ಇಲ್ಲ. ಶುಲ್ಕ 18,000 ರೂಪಾಯಿ, ಕೈಗೆ ಬರೋಕೆ ವಾರಗಟ್ಟಲೆ. ಅಕ್ಟೋಬರ್ ಪ್ರವೇಶಕ್ಕೆ ಹಿಂದಿನ ದೀಪಾವಳಿಗೇ ಅದನ್ನು ಶುರು ಮಾಡಿ.

ಪ್ರಶ್ನೆ: ಎಐ ಬಂದ ಮೇಲೆ ಈ ಓದಿಗೆ ಕೆಲಸ ಸಿಗುತ್ತಾ?
— ಮಾಲೂರು

ಉತ್ತರ: ಎಲ್ಲರೂ ಇದನ್ನೇ ಕೇಳಿದ್ದಾರೆ. ಮಾದರಿಗಳು ಎಲ್ಲಿ ತಪ್ಪುತ್ತವೆ ಅಂತ ಅಳೆಯೋರು, ಮಾತನ್ನು ಬರಹ ಮಾಡುವ ತಂತ್ರಾಂಶ ಕಟ್ಟೋರು, ಸಣ್ಣ ಭಾಷೆಗಳಿಗೆ ಡೇಟಾ ಜೋಡಿಸೋರು ಬೇಕೇ ಬೇಕು. ಆದರೆ ನಿಯಮ ಬರೆದು ಭಾಷೆ ಬಿಡಿಸೋದು ಮಾತ್ರ ಬಲ್ಲವರಿಗೆ ಕಷ್ಟ ಇದೆ, ಮೆಷಿನ್ ಲರ್ನಿಂಗ್, ಅಂದರೆ ಯಂತ್ರ ಡೇಟಾದಿಂದ ತಾನೇ ಕಲಿಯೋ ಹಾಗೆ ಮಾಡೋದು, ಚೆನ್ನಾಗಿ ಬರಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ ಜರ್ಮನಿ 18 ತಿಂಗಳು ಕೊಡುತ್ತದೆ. ಜರ್ಮನ್ ಕಲಿಯದೆ ಹೋದವರಿಗೆ ಆ 18 ತಿಂಗಳು ಬೇಗ ಮುಗಿಯುತ್ತದೆ. ನನ್ನ ಕ್ಲಾಸಿನಲ್ಲೇ ನೋಡಿದ್ದೀನಿ.

ಪ್ರಶ್ನೆ: ಅಲ್ಲಿ ಮುದ್ದೆ ಸಿಗುತ್ತಾ ಅಕ್ಕಾ? ತಮಾಷೆಗಲ್ಲ.
— ಬಂಗಾರಪೇಟೆ

ಉತ್ತರ: ಸಿಗಲ್ಲ, ಮಾಡ್ಕೋಬೇಕು. ರಾಗಿ ಹಿಟ್ಟನ್ನು ಇಲ್ಲಿಂದಲೇ ಗಟ್ಟಿ ಪ್ಯಾಕ್ ಮಾಡಿಸಿಕೊಂಡು ಹೋಗಿ. ಅಮ್ಮ ತುಪ್ಪದ ಡಬ್ಬಿ ತುರುಕೋಕೆ ನೋಡ್ತಾರೆ, ಬೇಡ ಅನ್ನಿ, ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯೋದನ್ನು ಯುರೋಪ್‌ನವರು ಬಿಡಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲಿ ಮುದ್ದೆ ಕೋಲಿಗೆ ಬದಲು ನಾನು ಲಟ್ಟಣಿಗೆಯಲ್ಲೇ ತಿರುವಿದ್ದು. ಸೊಪ್ಪು, ಬೇಳೆ ಶನಿವಾರವೇ ತಂದಿಟ್ಟುಕೊಳ್ಳಿ, ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ.