ಬೀನ್ಸ್ ಹಸಿಯಾಗಿಯೇ ಫ್ರೀಜರಿಗೆ ಹಾಕಬಹುದಾ? ಹಾಕಿ ಕೈಸುಟ್ಟುಕೊಂಡವಳ ಉತ್ತರ

ಕಿಲೋ 25ಕ್ಕೆ ಸಿಕ್ಕಿತು ಅಂತ 5 ಕಿಲೋ ಬೀನ್ಸ್ ತಂದಿದ್ದೀರಿ, ಬೇಸಿಗೆಗೆ ಅಂತ ಹಸಿಯಾಗಿಯೇ ಹೆಚ್ಚಿ ಫ್ರೀಜರಿನಲ್ಲಿ ಇಡಬೇಕು, ಜಿಪ್ ಕವರ್ ಸಾಕಾ ಅಥವಾ ಗಾಳಿ ಎಳೆಯುವ ಮೆಷಿನ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬಿಸಿನೀರಿಗೆ ಹಾಕಿದರೆ ಸತ್ವ ಹೋಗುತ್ತದೆ, ಅದೊಂದು ಬೇಡ ಅಂತಲೂ ಬರೆದಿದ್ದೀರಿ. ಮೂರು ವರ್ಷದ ಹಿಂದೆ ನಾನು ನಮ್ಮತ್ತೆಗೆ ಹೇಳಿದ ಮಾತೂ ಇದೇ.

ನಮ್ಮ ಚಿಕ್ಕಪ್ಪನ ಮಗ ಮಾಲೂರು ಕಡೆ ತರಕಾರಿ ಬೆಳೆಯುತ್ತಾನೆ. ಬೀನ್ಸ್ ಬಿತ್ತಿದ ಒಂದೂವರೆ ಎರಡು ತಿಂಗಳಿಗೆ ಕಾಯಿ ಬಿಡುತ್ತದೆ, ಬಿಟ್ಟ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕೀಳಲೇಬೇಕು, ಇಲ್ಲದಿದ್ದರೆ ಬಲಿತು ಒಳಗೆ ಕಾಳು ಕಟ್ಟಿಬಿಡುತ್ತದೆ. ಆ ವರ್ಷ ಜನವರಿಯಲ್ಲಿ ರೇಟು ಹೇಗೆ ಬಿತ್ತೆಂದರೆ ಕೀಳುವವರ ಕೂಲಿಯೂ ಹುಟ್ಟುತ್ತಿರಲಿಲ್ಲ. ಅವನೂ ಅವನ ಹೆಂಡತಿಯೂ ತಾವೇ ಕೂತು ಕಿತ್ತರು. ಬೆಂಗಳೂರಿಗೆ ಬರುವಾಗ ಒಂದು ಚೀಲ ನಮ್ಮ ಮನೆ ಬಾಗಿಲಲ್ಲಿ ಇಳಿಸಿ, "ಮಾರಿ ಬರೋ ದುಡ್ಡಿಗಿಂತ ನೀವು ತಿಂದ್ರೆ ಸಮಾಧಾನ ಅಕ್ಕ" ಅಂದು ಹೋದ. ತೂಗಿದರೆ 12 ಕಿಲೋ. ಮನೆಯಲ್ಲಿ ಇರುವವರು ನಾಲ್ಕು ಜನ.

ಮೂರು ಕಿಲೋ ಅಕ್ಕಪಕ್ಕದವರಿಗೆ ಹಂಚಿದೆ. ಉಳಿದದ್ದನ್ನು ಫ್ರೀಜರಿಗೆ ಹಾಕೋಣ ಅಂದಾಗ ಅತ್ತೆ, "ಒಂದು ಕುದಿ ಕೊಟ್ಟು ಇಡಬೇಕಂತಲ್ಲಾ" ಅಂದರು. ಸುಮ್ನೆ ಗ್ಯಾಸ್ ದಂಡ, ಸತ್ವ ನೀರುಪಾಲು ಅಂತ ನಾನು ವಾದ ಮಾಡಿದೆ. ಬುದ್ಧಿವಂತಳಲ್ಲವೇ, ಪರೀಕ್ಷೆ ಮಾಡಿಯೇ ನೋಡೋಣ ಅಂತ ಅರ್ಧ ಕಿಲೋ ಹಸಿ ಬೀನ್ಸ್ ಹೆಚ್ಚಿ, ಕವರಿಗೆ ಹಾಕಿ, ಒಂದು ವಾರ ಫ್ರೀಜರಿನಲ್ಲಿ ಇಟ್ಟು ಪಲ್ಯ ಮಾಡಿದೆ. ಚೆನ್ನಾಗಿತ್ತು! ಬಣ್ಣ ಹಸಿರು, ರುಚಿಗೂ ಮೋಸವಿಲ್ಲ. ಅತ್ತೆಯ ಬಾಯಿ ಮುಚ್ಚಿಸಿದೆ. ಅಷ್ಟು ದಿನ ಪೇಪರ್ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ ಇಟ್ಟಿದ್ದ ಉಳಿದ ಎಂಟು ಕಿಲೋ ಚಿಲ್ಲರೆಯನ್ನು ಎರಡು ಸಂಜೆ ಕೂತು ತೊಟ್ಟು ಮುರಿದು, ನಾರು ತೆಗೆದು, ಹೆಚ್ಚಿ, ಕವರಿನ ಗಾಳಿಯನ್ನು ಸ್ಟ್ರಾ ಹಾಕಿ ಬಾಯಲ್ಲಿ ಎಳೆದು, ಇಟ್ಟಿಗೆ ಜೋಡಿಸಿದ ಹಾಗೆ ಫ್ರೀಜರ್ ತುಂಬಿಸಿದೆ.

ನಾನು ಮಾಡಿದ ತಪ್ಪು ಆ ಒಂದು ವಾರದ ಪರೀಕ್ಷೆ. ಕುದಿಸದೇ ಇಟ್ಟದ್ದು ತಪ್ಪು ನಿಜ, ಆದರೆ ನನ್ನನ್ನು ಮುಳುಗಿಸಿದ್ದು ಆ ವಾರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ "ನಾನು ಹಸಿಯಾಗಿಯೇ ಇಡ್ತೀನಿ, ಏನೂ ಆಗಲ್ಲ" ಅಂತ ನಿಮಗೆ ಹೇಳುವವರೆಲ್ಲ ಇದೇ ಪರೀಕ್ಷೆ ಪಾಸಾದವರು. ಬೀನ್ಸ್ ಕಿತ್ತ ಮೇಲೂ ಅದರೊಳಗೆ ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು, ಕೆಲಸ ಮಾಡುತ್ತಲೇ ಇರುತ್ತವೆ. ಕಾಯಿ ಬಲಿಯುವುದು, ಬಣ್ಣ ತಿರುಗುವುದು ಎಲ್ಲ ಅವುಗಳದೇ ಕೆಲಸ. ಫ್ರೀಜರಿಗೆ ಹಾಕಿದರೆ ಅವು ನಿಂತುಹೋಗುತ್ತವೆ ಅಂತ ನಾನು ಅಂದುಕೊಂಡಿದ್ದೆ. ನಿಲ್ಲುವುದಿಲ್ಲ. ಮೈನಸ್ 18 ಡಿಗ್ರಿಯಲ್ಲೂ ಆಮೆ ನಡಿಗೆಯಲ್ಲಿ ನಡೆದೇ ಇರುತ್ತವೆ, ಬೀನ್ಸಿನಲ್ಲಿರುವ ಚೂರುಪಾರು ಕೊಬ್ಬಿನಂಶವನ್ನೂ ಬಿಡದೆ ಒಡೆದು ಕೆಟ್ಟ ವಾಸನೆ ಎಬ್ಬಿಸುತ್ತವೆ. ಒಂದು ವಾರದಲ್ಲಿ ಅದು ನಾಲಿಗೆಗೆ ಗೊತ್ತಾಗುವುದಿಲ್ಲ. ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಕಿಣ್ವವನ್ನು ಕೊಲ್ಲುವುದು ಬಿಸಿ, ಚಳಿಯಲ್ಲ. ಒಂದು ವಾರ ನೋಡಿ ನಾನು ಮೂರು ತಿಂಗಳಿಗೆ ಸರ್ಟಿಫಿಕೇಟ್ ಕೊಟ್ಟುಬಿಟ್ಟೆ.

ಏಪ್ರಿಲ್ ಕೊನೆಗೆ ನಮ್ಮ ಕಡೆ ಬೀನ್ಸ್ ಕಿಲೋ ನೂರು ದಾಟಿತು. ನಾದಿನಿ ಮನೆಯವರನ್ನು ಊಟಕ್ಕೆ ಕರೆದಿದ್ದೆವು. ತರಕಾರಿ ಅಂಗಡಿಯಲ್ಲಿ ರೇಟು ಕೇಳಿ ನಾನು ಮನಸ್ಸಿನಲ್ಲೇ ನಕ್ಕು ಬರೀ ಕೊತ್ತಂಬರಿ ಸೊಪ್ಪು ಕೊಂಡು ಬಂದೆ. ಎರಡು ಕವರ್ ಬಿಚ್ಚಿ ಬಾಣಲೆಗೆ ಸುರಿದಾಗಲೇ ಮೂಗಿಗೆ ಹೊಡೆಯಿತು. ಮಳೆಯಲ್ಲಿ ನೆನೆದ ಬಣವೆಯಿಂದ ಹುಲ್ಲು ಹಿರಿದಾಗ ಬರುತ್ತದಲ್ಲ, ಆ ವಾಸನೆ. ಬಣ್ಣ ಹಸಿರೂ ಅಲ್ಲ ಕಂದೂ ಅಲ್ಲ. ಒಗ್ಗರಣೆಗೆ ಇಂಗು ಜಾಸ್ತಿ ಹಾಕಿದೆ, ಕಾಯಿತುರಿ ಎರಡು ಹಿಡಿ ಜಾಸ್ತಿ ಹಾಕಿದೆ. ತಿಂದು ನೋಡಿದರೆ ಒಳಗೆ ಮೆತ್ತಗೆ, ಹೊರಗಿನ ಸಿಪ್ಪೆ ಮಾತ್ರ ಎಷ್ಟು ಅಗಿದರೂ ಮುಗಿಯದ ನಾರು. ಬಡಿಸದೇ ಇರಬೇಕಿತ್ತು, ಆದರೆ ಬೇರೆ ಪಲ್ಯ ಇರಲಿಲ್ಲ. ನಾದಿನಿಯ ಮಾವನವರು ಒಂದು ತುತ್ತು ತಿಂದು, ಎಲೆಯ ಮೂಲೆಗೆ ಸರಿಸಿ, ಬಹಳ ಮರ್ಯಾದೆಯಿಂದ ಕೇಳಿದರು: "ಇದು ಅವರೆಕಾಯಿ ಸಿಪ್ಪೇದೇನಮ್ಮಾ?" ಅತ್ತೆ ನನ್ನ ಮುಖ ನೋಡಲಿಲ್ಲ. ಆ ಉಪಕಾರ ನಾನು ಮರೆತಿಲ್ಲ.

ಮಾರನೇ ದಿನ ಎಲ್ಲ ಕವರುಗಳನ್ನೂ ಹೊರಗೆ ತೆಗೆದೆ. ತಳದಲ್ಲಿ ಒಂದು ಹಳೇ ಐಸ್‌ಕ್ರೀಮ್ ಡಬ್ಬಿ ಸಿಕ್ಕಿತು. ಜನವರಿಯಲ್ಲೇ ಒಂದು ದಿನ ಸಾಗುಗೆ ಅಂತ ಅರ್ಧ ಬೇಯಿಸಿದ್ದ ಬೀನ್ಸ್ ಮಿಕ್ಕಿ, ಎಸೆಯಲು ಮನಸ್ಸು ಬಾರದೆ ಅದರಲ್ಲಿ ತುರುಕಿದ್ದೆ. ಕವರ್ ಇಲ್ಲ, ಗಾಳಿ ಎಳೆದಿಲ್ಲ, ಮುಚ್ಚಳವೂ ಸರಿಯಾಗಿ ಕೂತಿರಲಿಲ್ಲ. ಮೇಲಿನ ಮಂಜು ಕೆರೆದರೆ ಒಳಗೆ ಗಿಣಿ ಹಸಿರು. ಹುಳಿಗೆ ಹಾಕಿದೆ, ತಾಜಾ ಬೀನ್ಸಿನ ವಾಸನೆ ಬಂತು. ಅದೇ ಚೀಲದ ಬೀನ್ಸ್, ಅದೇ ಫ್ರೀಜರ್.

ಹಾಗಾಗಿ ಜಿಪ್ಪಾ ಮೆಷಿನ್ನಾ ಅನ್ನುವ ಪ್ರಶ್ನೆಯೇ ಇಲ್ಲ. ಮೆಷಿನ್ ಗಾಳಿ ಎಳೆಯುತ್ತದೆ, ಮೇಲೆ ಮಂಜು ಕಟ್ಟಿ ಒಣಗುವುದು ಕಮ್ಮಿಯಾಗುತ್ತದೆ, ಒಳಗಿನ ಕಿಣ್ವಕ್ಕೆ ಅದರಿಂದ ಏನೂ ಆಗುವುದಿಲ್ಲ. ಆ ದುಡ್ಡಿಗೆ ಒಂದು ದೊಡ್ಡ ಪಾತ್ರೆ ಮತ್ತು ಜಾಲರಿ ಸೌಟು ತಗೊಳ್ಳಿ. ಸತ್ವದ ಮಾತು ಅಂದರೆ, ಸ್ವಲ್ಪ ಸಿ ವಿಟಮಿನ್ ಕುದಿಯುವ ನೀರಿಗೆ ಹೋಗುವುದು ನಿಜ. ಹಸಿಯಾಗಿ ಇಟ್ಟರೆ ಅದೇ ವಿಟಮಿನ್ ತಿಂಗಳುಗಟ್ಟಲೆ ಫ್ರೀಜರಿನಲ್ಲಿ ಕೂತು ಕರಗುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೇ.

ಈಗ ನಾನು ಮಾಡುವುದು ಹೀಗೆ. ಅರ್ಧ ಕಿಲೋ ಬೀನ್ಸಿಗೆ ನಾಲ್ಕು ಲೀಟರ್ ನೀರು, ಚೆನ್ನಾಗಿ ಕೊತಕೊತ ಕುದಿಯಬೇಕು. ಹೆಚ್ಚಿದ್ದನ್ನು ಹಾಕಿದ ಮೇಲೆ ಒಂದು ನಿಮಿಷದೊಳಗೆ ಮತ್ತೆ ಕುದಿ ಬರದಿದ್ದರೆ ಬೀನ್ಸ್ ಜಾಸ್ತಿಯಾಯಿತು ಅಂತ ಅರ್ಥ. ಕುದಿ ಬಂದಾಗಿನಿಂದ ಮೂರು ನಿಮಿಷ, ಮೊಬೈಲಿನಲ್ಲಿ ಟೈಮರ್ ಇಟ್ಟು. ಅಂದಾಜು ಬೇಡ, ಅರೆಬರೆ ಬಿಸಿ ಮಾಡಿದರೆ ಕಿಣ್ವ ಸಾಯುವ ಬದಲು ಇನ್ನೂ ಚುರುಕಾಗುತ್ತದೆ. (ಬೆಂಗಳೂರಿನ ಎತ್ತರಕ್ಕೆ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅದರಿಂದ ತೊಂದರೆಯಿಲ್ಲ. ಊಟಿಯಲ್ಲಿದ್ದರೆ ಒಂದು ನಿಮಿಷ ಜಾಸ್ತಿ ಬಿಡಿ.) ತೆಗೆದ ತಕ್ಷಣ ಐಸ್ ನೀರಿಗೆ, ಅಲ್ಲೂ ಮೂರು ನಿಮಿಷ. ನಲ್ಲಿ ನೀರು ಸಾಲದು, ಬೀನ್ಸಿನ ಬಿಸಿಗೆ ಅದೇ ಬೆಚ್ಚಗಾಗಿಬಿಡುತ್ತದೆ. ಹಸಿರು ನಿಲ್ಲಲಿ ಅಂತ ಚಿಟಿಕೆ ಸೋಡಾ ಹಾಕಲು ಯಾರಾದರೂ ಹೇಳಿದರೆ ಕೇಳಬೇಡಿ, ಬೀನ್ಸ್ ಗೊಜ್ಜಾಗುತ್ತದೆ.

ಆಮೇಲೆ ಹಳೇ ಪಂಚೆ ಹಾಸಿ ಫ್ಯಾನ್ ಕೆಳಗೆ ಹರಡಿ. ಕೈಗೆ ನೀರು ಹತ್ತಬಾರದು. ತಟ್ಟೆಯಲ್ಲಿ ಒಂದಕ್ಕೊಂದು ಅಂಟದ ಹಾಗೆ ಹರಡಿ ಒಂದೆರಡು ಗಂಟೆ ಫ್ರೀಜರಿನಲ್ಲಿಟ್ಟು, ಗೋಲಿಯ ಹಾಗೆ ಗಟ್ಟಿಯಾದ ಮೇಲೆ ಕವರಿಗೆ ತುಂಬಿ. ಆಗ ಬೇಕಾದಾಗ ಒಂದೊಂದು ಹಿಡಿ ತೆಗೆಯಬಹುದು, ಇಲ್ಲದಿದ್ದರೆ ಲಟ್ಟಣಿಗೆಯಲ್ಲಿ ಕುಟ್ಟಬೇಕು. ಮಾಮೂಲಿ ಎರಡು ಬಾಗಿಲಿನ ಫ್ರಿಜ್ಜಾದರೆ ದಿನಕ್ಕೆ ಎರಡು ಕಿಲೋಗಿಂತ ಜಾಸ್ತಿ ಹಾಕಬೇಡಿ, ನಿಧಾನವಾಗಿ ಹೆಪ್ಪುಗಟ್ಟಿದರೆ ಐಸ್ ಹರಳು ದಪ್ಪ ಬೆಳೆದು ಕಾಯಿ ಹರಿಯುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆ ಇದಕ್ಕೆ ಆಗಲ್ಲ. ಕರೆಂಟ್ ಹೋದರೆ ಬಾಗಿಲು ತೆರೆಯದೆ ಇರಿ. ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ, ಅರ್ಧ ತುಂಬಿದ್ದು ಒಂದು ದಿನ.

ಸರಿಯಾಗಿ ಮಾಡಿದ್ದು ಎಂಟು ತಿಂಗಳಾದರೂ ಚೆನ್ನಾಗಿರುತ್ತದೆ. ಆದರೆ ಪಲ್ಯಕ್ಕೆ ಬೇಡ. ಹೇಗೆ ಮಾಡಿದರೂ ಫ್ರೀಜರ್ ಬೀನ್ಸಿಗೆ ಆ ಕಟುಮ್ ಅನ್ನುವ ಗುಣ ವಾಪಸ್ ಬರುವುದಿಲ್ಲ. ಹುಳಿ, ಸಾಗು, ಪಲಾವ್, ಬಿಸಿಬೇಳೆಬಾತ್, ಇವಕ್ಕೆ ಐಸ್ ಬಿಡಿಸದೆ ನೇರವಾಗಿ ಪಾತ್ರೆಗೆ ಹಾಕಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕೇಳಿದರೆ ಬೀನ್ಸಿಗೆ ಫ್ರೀಜರ್ ಕೊಡುವುದೇ ದಂಡ. ರೇಟು ಏರಲಿ ಇಳಿಯಲಿ, ನಮ್ಮೂರಲ್ಲಿ ಅದು ವರ್ಷವಿಡೀ ಸಿಗುತ್ತದೆ, ಬೇಸಿಗೆಯಲ್ಲಿ ಸೌತೆಕಾಯಿ ಹುಳಿ ತಿಂದರಾಯಿತು. ಆ ಜಾಗ ಸೊಗಡಿನ ಅವರೆಕಾಳಿಗೆ ಇಡಿ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಕಾಲ ದಾಟಿದರೆ ಅದು ಬೇಕೆಂದರೂ ಸಿಗದು. ಅವರೆಕಾಳಿಗೂ ಎರಡು ಮೂರು ನಿಮಿಷ ಕುದಿ, ಐಸ್ ನೀರು, ಎಲ್ಲ ಇದೇ. ಜೂನ್ ಮಳೆಯಲ್ಲಿ ಅವರೆಕಾಳು ಉಪ್ಪಿಟ್ಟು ತಿಂದು ನೋಡಿ, ಆಮೇಲೆ ಮಾತಾಡೋಣ.

ಹಾಳಾದ ಎಂಟು ಕಿಲೋ ತಾರಸಿಯ ಗೊಬ್ಬರದ ಡ್ರಮ್ಮಿಗೆ ಹೋಯಿತು. ಆ ವಾರವೇ ತಮ್ಮ ಫೋನ್ ಮಾಡಿ "ಅಕ್ಕ, ಬೀನ್ಸ್ ಹೆಂಗಿತ್ತು?" ಅಂತ ಕೇಳಿದ. ಬಹಳ ಚೆನ್ನಾಗಿತ್ತು ಕಣೋ, ಇನ್ನೂ ತಿನ್ನುತ್ತಾ ಇದ್ದೇವೆ ಅಂದೆ.

ನಿಮ್ಮ 5 ಕಿಲೋದಲ್ಲಿ ಕಾಳು ಉಬ್ಬಿದ, ಬಲಿತ ಕಾಯಿ ಇದ್ದೇ ಇರುತ್ತದೆ, ಅದನ್ನು ಬಿಡಿಸಿ ಕಾಳಿನ ಹುಳಿ ಮಾಡಿ. ಒಂದು ಕಿಲೋ ಈ ವಾರದ ಪಲ್ಯಕ್ಕೆ ಇಟ್ಟುಕೊಳ್ಳಿ, ಒಂದು ಕಿಲೋ ಪಕ್ಕದ ಮನೆಗೆ. ಉಳಿದದ್ದರಲ್ಲಿ ಎರಡು ಕಿಲೋ ನಾಳೆ ಬೆಳಗ್ಗೆ ಕುದಿಸಿ, ಮಿಕ್ಕರೆ ನಾಡಿದ್ದು. ಐಸ್ ಟ್ರೇಗಳಿಗೆ ಈಗಲೇ ನೀರು ತುಂಬಿಡಿ, ರಾತ್ರಿ ಮರೆತರೆ ಬೆಳಗ್ಗೆ ಐಸ್ ಇರುವುದಿಲ್ಲ.