ಇಕೋ ಕ್ಲಬ್ ತಲೆಗೆ ಕಟ್ಟಿದಾರೆ, ಏನ್ ಮಾಡ್ಲಿ?

ಈ ಸಲ ಬಂದಿರೋ ಪತ್ರಗಳಲ್ಲಿ ಹೈಸ್ಕೂಲ್ ಟೀಚರ್‌ಗಳದ್ದೇ ಜಾಸ್ತಿ. ಮೂರು ಆರಿಸ್ಕೊಂಡಿದೀನಿ, ಮೂರೂ ಪರಿಸರ ಪಾಠದ ಬಗ್ಗೆನೇ.

ಪ್ರಶ್ನೆ: ಬಾಗೇಪಲ್ಲಿ ತಾಲೂಕಿನ ಸರ್ಕಾರಿ ಹೈಸ್ಕೂಲಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಟೀಚರ್ ನಾನು. ಈ ವರ್ಷ ಇಕೋ ಕ್ಲಬ್, ಅಂದ್ರೆ ಮಕ್ಕಳ ಪರಿಸರ ಸಂಘ, ನನ್ ತಲೆಗೆ ಕಟ್ಟಿದಾರೆ. ಗಿಡ, ಹಕ್ಕಿ ಹೆಸ್ರು ಒಂದೂ ಗೊತ್ತಿಲ್ಲ. ಸರ್ಕಾರದ ಆನ್‌ಲೈನ್ ವೇದಿಕೆ ದೀಕ್ಷಾದಲ್ಲಿ ಕೋರ್ಸ್ ಮಾಡಿ ಸರ್ಟಿಫಿಕೇಟೂ ತಗೊಂಡೆ, ಆದ್ರೂ ಮಕ್ಕಳನ್ನ ಹೊರಗೆ ಕರ್ಕೊಂಡೋಗಿ ಏನ್ ಮಾಡಿಸ್ಬೇಕು ಅಂತ ತಿಳೀತಿಲ್ಲ. ಯಾವ ಟ್ರೈನಿಂಗ್ ತಗೊಳ್ಳಲಿ?

ಉತ್ತರ: ದೀಕ್ಷಾ ಕೋರ್ಸ್ ದಂಡ ಅಂತ ನಾನು ಹೇಳಲ್ಲ ಮೇಡಂ, ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 2020 ಪ್ರಕಾರ ಟೀಚರ್‌ಗಳು ವರ್ಷಕ್ಕೆ 50 ಗಂಟೆ ತರಬೇತಿ ಮಾಡ್ಬೇಕಲ್ಲ, ಆ ಲೆಕ್ಕಕ್ಕೆ ಆಗುತ್ತೆ, ವಿಷಯಾನೂ ಒಂದಷ್ಟು ಸಿಗುತ್ತೆ. ಆದ್ರೆ ವಿಡಿಯೋ ನೋಡಿ ಕೈ ಪಳಗಲ್ಲ. ಮಕ್ಕಳಿಗೆ ಮಾಡಿಸೋ ಕೆಲಸ ಮೊದ್ಲು ನೀವೇ ಒಂದು ಸಲ ಮಾಡಿ ಮುಗಿಸ್ಬೇಕು, ನನ್ ಪ್ರಕಾರ ನಿಮಗೆ ಬೇಕಿರೋ ಟ್ರೈನಿಂಗ್ ಅದೇ. ಹಕ್ಕಿ ಹೆಸ್ರು ಗೊತ್ತಿಲ್ಲ ಅಂತ ಕೊರಗ್ಬೇಡಿ, ನಿಮಗೆ ಅಳೆಯೋಕೆ ಬರುತ್ತೆ, ಅದನ್ನೇ ಹಿಡ್ಕೊಳ್ಳಿ.

ಮಳೆಯಿಂದ ಶುರು ಮಾಡಿ. ಪಕ್ಕೆ ನೆಟ್ಟಗಿರೋ 2 ಲೀಟರ್ ಕೂಲ್‌ಡ್ರಿಂಕ್ ಬಾಟ್ಲಿ ತಗೊಳ್ಳಿ, ಸೊಂಟ ಒಳಗೆ ಹೋಗಿರೋದು ಬೇಡ. ಮೇಲ್ಗಡೆ ಕತ್ತರಿಸಿ ತಲೆಕೆಳಗೆ ಮಾಡಿ ಅದರ ಬಾಯಲ್ಲೇ ಆಲಿಕೆ ಥರ ಕೂರಿಸಿ. ತಳ ಉಬ್ಬುತಗ್ಗು ಇರುತ್ತಲ್ಲ, ಅಲ್ಲಿಗೆ ಸಣ್ಣ ಜಲ್ಲಿ ಹಾಕಿ, ಜಲ್ಲಿ ಮುಳುಗೋ ತನಕ ನೀರು ಬಿಟ್ಟು, ಆ ಗೆರೆಗೆ ಸೊನ್ನೆ ಅಂತ ಗುರುತು ಮಾಡಿ ಸ್ಕೇಲ್ ಅಂಟಿಸಿ. ಬಿಸಿಲಿಗೆ ನೀರು ಇಳಿದ್ರೆ ಮತ್ತೆ ಸೊನ್ನೆಗೆ ತುಂಬಿಡಿ. ಮರದಡಿ ಇಡ್ಬೇಡಿ, ಬಯಲಲ್ಲಿಡಿ, ದಿನಾ ಬೆಳಿಗ್ಗೆ ಒಂದೇ ಟೈಮಿಗೆ ಓದಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದಾರೆ, ಅವ್ರ ಅಂಕಿ ಜೊತೆ ನಿಮ್ಮದನ್ನ ಹೋಲಿಸಿ, ಎರಡೂ ಯಾಕೆ ಬೇರೆ ಬಂತು ಅನ್ನೋದೇ ಒಂದು ಪೀರಿಯಡ್ ಚರ್ಚೆ ಆಗುತ್ತೆ.

ಆಮೇಲೆ ಟೇಪ್ ಹಿಡಿದು ಸ್ಕೂಲ್ ತಾರಸಿ ಅಳೀರಿ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ರೆ 1 ಲೀಟರ್ ನೀರು. ತಾರಸಿ 30ಕ್ಕೆ 7 ಮೀಟರ್ ಇದ್ರೆ 210 ಚದರ ಮೀಟರ್, ವರ್ಷದ ಮಳೆ 700 ಮಿ.ಮೀ. ಅಂತ ಇಟ್ಕೊಳ್ಳಿ, ನೂರಕ್ಕೆ 20 ಪಾಲು ಸೋರಿ ಆರಿ ಹೋಯ್ತು ಅಂದ್ರೂ 1,17,600 ಲೀಟರ್ ಸಿಗುತ್ತೆ. ಸ್ಕೂಲಲ್ಲಿ 120 ಮಕ್ಕಳು, ದಿನಕ್ಕೆ ಒಂದೊಂದು ಲೀಟರ್ ಕುಡೀತಾರೆ, 220 ದಿನ ಕ್ಲಾಸ್, ಒಟ್ಟು 26,400 ಲೀಟರ್. ಈ ಎರಡು ಸಂಖ್ಯೆ ಬೋರ್ಡ್ ಮೇಲೆ ಬರೆದು ಸುಮ್ನೆ ನಿಂತ್ಕೊಳ್ಳಿ ಸಾಕು, ಹಂಗಾದ್ರೆ ನಾವು ಕ್ಯಾನ್ ನೀರಿಗೆ ಯಾಕ್ ಮಿಸ್ ದುಡ್ಡು ಕೊಡೋದು ಅಂತ ಯಾರೋ ಒಬ್ರು ಕೇಳೇ ಕೇಳ್ತಾರೆ.

ಅಲ್ಲಿಂದ ನೀರಿನ ಗುಣಮಟ್ಟಕ್ಕೆ ಬನ್ನಿ. ನಿಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಕಾಟ ಇದೆ ಅಂತ ನಿಮಗೇ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ, ಇದು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹಾಕಿರೋ ಮಿತಿ. ಮನೆಮನೆಗೆ ನಲ್ಲಿ ನೀರು ಕೊಡೋ ಜಲ ಜೀವನ್ ಮಿಷನ್‌ನಲ್ಲಿ ಪಂಚಾಯ್ತಿಗಳಿಗೆ ನೀರು ಪರೀಕ್ಷೆ ಕಿಟ್ ಕೊಟ್ಟು ಹಳ್ಳಿ ಹೆಂಗಸರಿಗೆ ತರಬೇತಿನೂ ಕೊಡ್ತಾರೆ, ಪಿಡಿಒ ಹತ್ರ ಕೇಳಿ, ತರಬೇತಿ ಆಗಿರೋ ಹೆಂಗಸರ ಪಕ್ಕ ಕೂತು ಕಲೀರಿ. ಬ್ಯಾಕ್ಟೀರಿಯಾಗೆ ಒಂದು ಪುಟ್ಟ ಸೀಸೆ ಬರುತ್ತೆ, ನೀರು ತುಂಬಿ ಬೆಚ್ಚಗಿರೋ ಕಡೆ ಒಂದೆರಡು ದಿನ ಇಟ್ರೆ, ಕೊಳಚೆ ಸೇರಿದ್ರೆ ಕಪ್ಪಾಗುತ್ತೆ. ಒಂದು ಎಚ್ಚರಿಕೆ: ಕಿಟ್ಟಲ್ಲಿ ಕೆಟ್ಟ ರಿಸಲ್ಟ್ ಬಂದ ಕೂಡ್ಲೇ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ. ಆ ನೀರು ಕುಡಿಯೋದು ನಿಲ್ಸಿ, ಎಚ್‌ಎಂಗೆ (ಮುಖ್ಯ ಶಿಕ್ಷಕರಿಗೆ) ಬರವಣಿಗೆಯಲ್ಲಿ ತಿಳಿಸಿ, ಸ್ಯಾಂಪಲ್ ಲ್ಯಾಬಿಗೆ ಕಳ್ಸಿ. ಕಿಟ್ ಬರೀ ಅನುಮಾನ ಹುಟ್ಟಿಸುತ್ತೆ, ತೀರ್ಮಾನ ಲ್ಯಾಬಿಂದು.

ಇದನ್ನ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೇ ಸೇರಿಸ್ಬಿಡಿ, ಎಕ್ಸ್‌ಟ್ರಾ ಕೆಲಸ ಅನ್ನೋ ಗೊಣಗಾಟ ಇರಲ್ಲ. ವರ್ಷದ ಅಂಕಿ ಕೈಲಿದ್ರೆ ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಪ್ರಾಜೆಕ್ಟ್ ಆಗುತ್ತೆ, 10ರಿಂದ 17 ವಯಸ್ಸಿನವ್ರಿಗೆ ಅಂತ 1993ರಿಂದ ನಡೀತಿರೋದು, ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವ್ರು ನೋಡ್ಕೊಳ್ತಾರೆ. ಅಲ್ಲಿ ಗೈಡ್ ಟೀಚರ್ ಆಗಿ ಹೋಗಿ, ಬೇರೆ ಜಿಲ್ಲೆ ಟೀಚರ್‌ಗಳ ಜೊತೆ ಊಟದ ಹೊತ್ತಲ್ಲಿ ಮಾತಾಡಿ ಕಲಿಯೋದಿದೆಯಲ್ಲ, ಅದು ಯಾವ ಪಿಪಿಟಿಯಲ್ಲೂ ಸಿಗಲ್ಲ.

ಪ್ರಶ್ನೆ: ಶಿರಸಿ ಕಡೆ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಕಲಿಸ್ತೇನೆ. ಪರಿಸರದ ಟ್ರೈನಿಂಗ್ ಬಂದ್ರೆ ಸೈನ್ಸ್ ಟೀಚರನ್ನೇ ಕಳಿಸ್ತಾರೆ. ನಮಗೇನೂ ಪಾತ್ರ ಇಲ್ವಾ?

ಉತ್ತರ: ಅಕ್ಕೋರೇ, ನಿಮ್ಮ ಊರಲ್ಲಿ ಕೂತು ಈ ಪ್ರಶ್ನೆ ಕೇಳೋದಾ! 1983ರ ಸೆಪ್ಟೆಂಬರಲ್ಲಿ ಸಾಲ್ಕಣಿ ಜನ ಮರ ಅಪ್ಪಿಕೊಂಡು ಕಡಿಯೋದನ್ನ ನಿಲ್ಲಿಸಿದ್ದು ನಿಮ್ಮ ತಾಲೂಕಲ್ಲೇ. ಆವತ್ತು ಹರೆಯದಲ್ಲಿ ಇದ್ದವ್ರು ಇವತ್ತು ಅಜ್ಜ ಅಜ್ಜಿ ಆಗಿದಾರೆ, ಇನ್ನು ಹತ್ತು ವರ್ಷ ಬಿಟ್ರೆ ಕೇಳೋಕೆ ಯಾರೂ ಸಿಗಲಿಕ್ಕಿಲ್ಲ. ನೀವು ಕಲಿಯಬೇಕಾದ ವಿದ್ಯೆ ಸಂದರ್ಶನ ಮಾಡೋದು. "ನೀವು ಹೋರಾಟದಲ್ಲಿ ಇದ್ರಾ?" ಅಂತ ಕೇಳಿದ್ರೆ ಹೌದು, ಇಲ್ಲ, ಅಷ್ಟೇ ಬರುತ್ತೆ. "ಆವತ್ತು ಬೆಳಿಗ್ಗೆ ಮನೆಯಿಂದ ಯಾರ್ ಯಾರು ಹೊರಟ್ರಿ, ಕೊಡಲಿಯವ್ರು ಏನಂದ್ರು?" ಅಂತ ಕೇಳಿದ್ರೆ ಕಥೆ ಬರುತ್ತೆ. ಮೊದ್ಲು ನಿಮ್ಮ ಮನೆ ಹಿರಿಯರ ಹತ್ರ ಸೊಪ್ಪಿನ ಬೆಟ್ಟದ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡಿನ ಬಗ್ಗೆ ಕೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಅಭ್ಯಾಸ ಮಾಡ್ಕೊಳ್ಳಿ, ಅಡಿಕೆ ತೋಟಕ್ಕೂ ಕಾಡಿಗೂ ಇರೋ ಸಂಬಂಧ, ಹಕ್ಕು ಯಾರದು, ತಕರಾರು ಎಲ್ಲಿ, ಎಲ್ಲ ಅದರಲ್ಲೇ ಬಂತು.

ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಅವ್ರ ಹತ್ರ ಜನತಾ ಜೀವವೈವಿಧ್ಯ ದಾಖಲಾತಿ, ಅಂದ್ರೆ ಊರಿನ ಗಿಡ, ಪ್ರಾಣಿ, ತಳಿಗಳ ಪಟ್ಟಿ ಪುಸ್ತಕ, ಇರ್ಬೇಕು. ಹೋಗಿ ನೋಡ್ಬೇಕು ಅಂತ ಕೇಳಿ. ಕೆಲವು ಕಡೆ ಬೀರು ತೆಗೆದು ಧೂಳು ಕೊಡವಿ ಕೊಡ್ತಾರೆ. ಅದ್ರಲ್ಲಿರೋ ಉಪ್ಪಿನಕಾಯಿಗೆ ಹಾಕೋ ಅಪ್ಪೆ ಮಿಡಿ ಮಾವಿನ ತಳಿಗಳು ಇನ್ನೂ ಊರಲ್ಲಿ ಇದಾವಾ ಅಂತ ಮಕ್ಕಳ ಕೈಲಿ ಹುಡುಕಿಸಿದ್ರೆ ನಿಮ್ಮ ಪೌರನೀತಿ ಪಾಠನೂ ಆಯ್ತು.

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ಎಚ್‌ಎಂ ನಾನು. ಜೂನ್ 5ಕ್ಕೆ, ಪರಿಸರ ದಿನ ಅಂತ, ಗಿಡ ನೆಟ್ಟು ಫೋಟೋ ಅಪ್‌ಲೋಡ್ ಮಾಡೋದು ಬಿಟ್ರೆ ಏನೂ ನಡೀತಿಲ್ಲ. ಟೀಚರ್ಸ್‌ಗೆ ಒಂದು ದಿನದ ಕಾರ್ಯಾಗಾರ ಇಡ್ಬೇಕು ಅಂತಿದೀನಿ. ಯಾರನ್ನ ಕರೆಸ್ಲಿ?

ಉತ್ತರ: ಭಾಷಣದವ್ರನ್ನ ಕರೆಸ್ಬೇಡಿ ಸರ್, ಹಾರ ತುರಾಯಿ ಖರ್ಚು ಉಳಿಯುತ್ತೆ. ಕೆರೆ ನೀರು ಹಂಚೋ ನೀರುಗಂಟಿ ಯಾರಾದ್ರೂ ಇನ್ನೂ ಇದ್ರೆ ಅವ್ರನ್ನ, ಇಲ್ಲಾಂದ್ರೆ ಪಂಚಾಯ್ತಿ ವಾಟರ್‌ಮನ್‌ನ ಕರೀರಿ. ಬೆಳಿಗ್ಗೆ ಸ್ಕೂಲ್ ನಲ್ಲಿಯಿಂದ ಹೊರಟು ಪೈಪ್ ಹಿಡ್ಕೊಂಡು ಟ್ಯಾಂಕು, ಬೋರ್‌ವೆಲ್, ಕೆರೆ ಕೋಡಿ ತನಕ ಎಲ್ಲ ಟೀಚರ್ಸೂ ನಡೀಲಿ, ಕನ್ನಡ ಟೀಚರೂ ಪಿಟಿ ಟೀಚರೂ ಸೇರಿ. ಮಧ್ಯಾಹ್ನ ಒಬ್ಬೊಬ್ರೂ ತಮ್ ಸಬ್ಜೆಕ್ಟಲ್ಲಿ ಅದಕ್ಕೆ ಹೊಂದೋ ಒಂದು ಪೀರಿಯಡ್ ಪಾಠ ಬರೀಲಿ, ಯಾವ ವಾರ ಮಾಡ್ತೀನಿ ಅಂತ ತಾರೀಖೂ ಹಾಕ್ಲಿ.

ನಮ್ ಸಬ್ಜೆಕ್ಟ್ ಅಲ್ಲ ಅಂದೋರಿಗೆ ಹೇಳಿ, 1991ರಲ್ಲೇ ಪರಿಸರ ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯ ಅಂದಿದೆ, ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಅದನ್ನ ಎಲ್ಲ ವಿಷಯದೊಳಗೂ ಬೆರೆಸಿ ಅಂತು. ಎಲ್ಲರ ಸಬ್ಜೆಕ್ಟಲ್ಲೂ ಇದೆ ಅಂದಿದ್ದೇ ಯಾರ ಟೈಮ್‌ಟೇಬಲಲ್ಲೂ ಇಲ್ದಂಗಾಯ್ತು ಅನ್ನೋದು ಬೇರೆ ಮಾತು. ಗಿಡ ನೆಡೋದೂ ಬಿಡ್ಬೇಡಿ, ಆದ್ರೆ ಹೋದ ವರ್ಷದ ಗುಂಡಿಯಲ್ಲೇ ಈ ವರ್ಷನೂ ನೆಡ್ತಿದ್ರೆ, ಮೊದ್ಲು ಕಾಂಪೌಂಡಲ್ಲಿ ಆಗ್ಲೇ ಇರೋ ಹೊಂಗೆನೋ ಹುಣಸೆನೋ ಮಕ್ಕಳಿಗೆ ಹಂಚಿಬಿಡಿ. ವಾರಕ್ಕೊಂದು ಸಲ ಚಿಗುರು, ಹೂವು, ಕಾಯಿ ಇಲ್ಲ, ಸ್ವಲ್ಪ, ಜಾಸ್ತಿ ಅಂತ ಬರೆದಿಡೋದು, ಅಷ್ಟೇ. ಸೀಸನ್‌ವಾಚ್ ಅಂತ 2010ರಿಂದ ದೇಶದಲ್ಲಿ ಹಿಂಗೇ ಮಾಡಿಸ್ತಿದಾರೆ, ನಿಮ್ಮ ಮಕ್ಕಳ ಅಂಕಿನೂ ಅಲ್ಲಿಗೆ ಕಳಿಸ್ಬಹುದು.